ಗ್ರಾಂಟ್ ಕೊಡಿಸ್ತೀವಿ ಅಂತ ಫೀಸು ಕೇಳುವವರಿಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ

ಮಾನಸಿಕ ಆರೋಗ್ಯದ ಕೆಲಸ ಮಾಡುವ ಸಣ್ಣ ಟ್ರಸ್ಟ್‌ಗಳವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ 45,000 ರೂಪಾಯಿ ಹೋಗಿದೆ. ಸಿಬ್ಬಂದಿ ಸಂಬಳಕ್ಕೆ ಇಟ್ಟಿದ್ದ ದುಡ್ಡು.

ನಮ್ಮದು ಸ್ಕಿಜೋಫ್ರೇನಿಯಾದಿಂದ ಚೇತರಿಸಿಕೊಳ್ಳುತ್ತಿರುವವರ ಡೇ ಕೇರ್. ಅವರು ಪೇಪರ್ ಕವರ್ ಮಾಡುತ್ತಾರೆ, ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟ ಮಾಡುತ್ತೇವೆ. ಇಂಥ ಕೆಲಸಕ್ಕೆ ದುಡ್ಡು ಹುಟ್ಟೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತೇ ಇದೆ ಅಲ್ವಾ. ಶಾಲೆಗೆ ಬೆಂಚು ಕೊಟ್ಟರೆ ಫೋಟೊ ಸಿಗುತ್ತದೆ. ನಮ್ಮಲ್ಲಿ ಯಾರ ಮುಖವನ್ನೂ ತೋರಿಸುವ ಹಾಗಿಲ್ಲ.

ಒಬ್ಬ ಕನ್ಸಲ್ಟೆಂಟ್ ಫೋನ್ ಮಾಡಿದ. ದೊಡ್ಡ ಕಂಪನಿಯ ಸಿಎಸ್‌ಆರ್ ಹಣ (ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡುವ ಹಣ) ಇದೆ, ಮಾನಸಿಕ ಆರೋಗ್ಯಕ್ಕೇ ಮೀಸಲು ಅಂದ. ಟ್ರಸ್ಟ್ ಡೀಡ್, ಆದಾಯ ತೆರಿಗೆ ವಿನಾಯಿತಿಯ 12ಎ ಮತ್ತು 80ಜಿ ಪತ್ರ, ಸಂಸ್ಥೆಗಳ ಸರ್ಕಾರಿ ಪೋರ್ಟಲ್‌ನ ದರ್ಪಣ್ ಐಡಿ, ಆಡಿಟ್ ರಿಪೋರ್ಟ್ ಕೇಳಿದ. ನಿಜವಾದ ಕಂಪನಿಯವರೂ ಇದನ್ನೇ ಕೇಳುತ್ತಾರೆ. 25 ಲಕ್ಷದ ಮಂಜೂರಾತಿ ಪತ್ರ ವಾಟ್ಸಾಪ್‌ಗೆ ಬಂತು. ಹಿಂದೆಯೇ 45,000 ಪ್ರೊಸೆಸಿಂಗ್ ಫೀ. "ಮೊದಲ ಕಂತಿನ ಜೊತೆ ವಾಪಸ್ ಬರುತ್ತೆ ಮೇಡಂ." ಕಟ್ಟಿದೆವು. ಆಮೇಲೆ ಇನ್‌ಸ್ಪೆಕ್ಷನ್ ಚಾರ್ಜ್ ಅಂತ ಇನ್ನೂ 60,000 ಕೇಳಿದ!

ಆಗ ನಮ್ಮ ಅಕೌಂಟೆಂಟ್ ಆ ಪತ್ರವನ್ನು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟರು. ಎರಡೂ ಪುಟದಲ್ಲಿ ನೀಲಿ ಸೀಲು. ಎರಡರಲ್ಲೂ ಅದೇ ಮೂಲೆ ಮಸುಕು, ಅದೇ ಜಾಗದಲ್ಲಿ ಶಾಯಿಯ ಚುಕ್ಕೆ. ಕೈಯಲ್ಲಿ ಒತ್ತಿದ ಸೀಲು ಹೀಗೆ ಬೀಳುತ್ತದಾ? ಕಂಪನಿಯ ವೆಬ್‌ಸೈಟ್‌ನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. "ನಮ್ಮಲ್ಲಿ ಇಂಥ ಪ್ರಾಜೆಕ್ಟೇ ಇಲ್ಲ. ನಾವು ಯಾರ ಹತ್ತಿರವೂ ಫೀಸು ತೊಗೊಳ್ಳಲ್ಲ" ಅಂದರು. ಕೈಕಾಲು ತಣ್ಣಗಾದವು. ಪೋಷಕರ ಸಭೆಯಲ್ಲಿ ಹಣ ಬರುತ್ತದೆ ಅಂತ ಹೇಳಿಬಿಟ್ಟಿದ್ದೆ. ಅವರಿಗೆ ಹೇಗೆ ಮುಖ ತೋರಿಸಲಿ?

ಆ ಕನ್ಸಲ್ಟೆಂಟ್‌ನ ಉತ್ತರಗಳನ್ನು ಕೇಳಿ. ಮೊದಲು "ಬೋರ್ಡ್ ಮೀಟಿಂಗ್‌ನಲ್ಲಿದ್ದೀನಿ." ಆಮೇಲೆ "ಫೀಸು ಬೇಡ ಬಿಡಿ, ಗ್ರಾಂಟ್‌ನಲ್ಲಿ ಅರ್ಧ ನಗದಾಗಿ ವಾಪಸ್ ಕೊಡಿ." ಅಂದರೆ ಸುಳ್ಳು ಬಿಲ್ಲು ಬರೆಯಿರಿ, ನಿಮ್ಮ ನೋಂದಣಿ ಹೋದರೆ ಹೋಗಲಿ ಅಂತ! ದುಡ್ಡು ವಾಪಸ್ ಕೊಡು ಅಂತ ಪಟ್ಟು ಹಿಡಿದಾಗ ಬಂದ ಮೆಸೇಜ್: "ಹುಚ್ಚರ ಜೊತೆ ಇದ್ದು ಇದ್ದು ನಿಮಗೂ ಅನುಮಾನದ ಕಾಯಿಲೆ ಹಿಡಿದಿದೆ." ದುಡ್ಡಿಗಿಂತ ಈ ಮಾತು ನನ್ನನ್ನು ಜಾಸ್ತಿ ಸುಡುತ್ತಿದೆ. ನಮ್ಮವರ ಹೆಸರು ಹೇಳಿಕೊಂಡೇ ನಮ್ಮನ್ನು ದೋಚಿದವನು ಅವರನ್ನೇ ಹುಚ್ಚರು ಅನ್ನುತ್ತಾನೆ.

ಕಾನೂನು ಇರೋದು ಹೀಗೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ 2% ಸಿಎಸ್‌ಆರ್‌ಗೆ ಖರ್ಚು ಮಾಡಲೇಬೇಕು. ಒಪ್ಪಿಗೆ ಪಡೆದ ಪ್ರಾಜೆಕ್ಟ್‌ಗಳನ್ನು ತಮ್ಮ ವೆಬ್‌ಸೈಟ್‌ನಲ್ಲಿ ಹಾಕಬೇಕು. ಅಲ್ಲಿ ನೋಡಿ. ಕಂಪನಿಗೇ ಫೋನ್ ಮಾಡಿ, ಪತ್ರದಲ್ಲಿರುವ ನಂಬರಿಗಲ್ಲ. ಸಿಎಸ್‌ಆರ್ ಹಣ ಪಡೆಯಲು ಟ್ರಸ್ಟ್‌ಗಳಿಗೆ 2021ರ ಏಪ್ರಿಲ್‌ನಿಂದ ಬೇಕಾಗಿರುವ ಸಿಎಸ್‌ಆರ್-1 ನೋಂದಣಿಗೆ ಸರ್ಕಾರದ ಶುಲ್ಕ ಇಲ್ಲ, ಅದಕ್ಕೂ ಈತ 15,000 ಕೇಳಿದ್ದ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾವು ದೂರು ಕೊಟ್ಟಿದ್ದೇವೆ.

ನಿನ್ನೆ ಪಕ್ಕದ ತಾಲ್ಲೂಕಿನ ವೃದ್ಧಾಶ್ರಮದವರು ತಮಗೆ ಬಂದ ಪತ್ರ ಕಳಿಸಿದರು. ಅದೇ ಸೀಲು, ಅದೇ ಚುಕ್ಕೆ. ಅವರಿನ್ನೂ ದುಡ್ಡು ಕಟ್ಟಿಲ್ಲ.