ಪೈಥಾನ್ ಎಂಆರ್‌ಒ ರಿವ್ಯೂ: ಮೆಥಡ್ ಹುಡುಕೋ ಸಾಲು ಸೂಪರ್ರಾಗಿದೆ

ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಿಂದ ಪೈಥಾನ್‌ಗೆ ಬಂದ್ಮೇಲೆ ನಂಗೆ ತುಂಬಾ ಹಿಡಿಸಿದ್ದು ಎಂಆರ್‌ಒ, ಅಂದ್ರೆ ಮೆಥಡ್ (ಕ್ಲಾಸ್ ಒಳಗಿನ ಫಂಕ್ಷನ್) ಕರೆದಾಗ ಯಾವ ಕ್ಲಾಸಲ್ಲಿ (ಆಬ್ಜೆಕ್ಟ್‌ಗಳನ್ನ ಮಾಡೋ ಅಚ್ಚು) ಮೊದ್ಲು ಹುಡುಕ್ಬೇಕು ಅನ್ನೋ ಸಾಲು. ಎ ಕ್ಲಾಸಿಗೆ ಬಿ, ಸಿ ಅಂತ ಇಬ್ರು ಮಕ್ಳು, ಅವರಿಬ್ರಿಂದ್ಲೂ ಡಿ ಹುಟ್ಟಿದೆ ಅಂತಿಟ್ಕೊಳ್ಳಿ, ಡಿ ಹತ್ರ ಮೆಥಡ್ ಇಲ್ಲಾಂದ್ರೆ ಬಿ ನೋಡುತ್ತೆ, ಅಲ್ಲೂ ಇಲ್ಲಾಂದ್ರೆ ಸೀದಾ ಅಜ್ಜ ಎ ಹತ್ರ ಓಡಲ್ಲ, ಮೊದ್ಲು ಸಿ ಹತ್ರ ಕೇಳುತ್ತೆ. ಪೈಥಾನ್ 2ರ ಹಳೇ ಶೈಲಿ ಕ್ಲಾಸ್‌ಗಳಲ್ಲಿ ಬಿ ಆದ್ಮೇಲೆ ಎ ನೇ, ಸಿ ಬದಲಾಯಿಸಿಟ್ಟ ಮೆಥಡ್ ಸಿಗ್ತಾನೇ ಇರ್ಲಿಲ್ಲ! 2003ರಲ್ಲಿ ಬಂದ ಪೈಥಾನ್ 2.3ರಿಂದ ಹೊಸ ಶೈಲಿ ಕ್ಲಾಸ್‌ಗಳಿಗೆ ಸಿ3 ಅನ್ನೋ ಕ್ರಮ (ಈ ಸಾಲನ್ನ ಲೆಕ್ಕ ಹಾಕೋ ವಿಧಾನ, ನಮ್ಮ ಸಿ ಕ್ಲಾಸಿಗೂ ಇದಕ್ಕೂ ಸಂಬಂಧ ಇಲ್ಲ). ಡೌಟ್ ಬಂದ್ರೆ ಡಿ ಮೇಲೆ ಎಂಆರ್‌ಒ ಕರೆದು ನೋಡಿ, ಪೂರ್ತಿ ಸಾಲು ಎದುರಿಗೇ ಬರುತ್ತೆ, ಇದಕ್ಕೆ ಫುಲ್ ಮಾರ್ಕ್ಸ್. ಒಂದು ಬೇಜಾರು, ಸಾಲಲ್ಲಿ ಮುಂದಿನ ಕ್ಲಾಸಿನ ಮೆಥಡ್ ಕರೆಯೋಕೆ ಇರೋ ಫಂಕ್ಷನ್‌ಗೆ ಇಟ್ಟ ಸೂಪರ್ ಅನ್ನೋ ಹೆಸರು, ಬಿ ಒಳಗಿಂದ ಕರೆದ್ರೂ ಅದರ ಅಪ್ಪ ಎ ಬದ್ಲು ಪಕ್ಕದ ಸಿ ಹತ್ರ ಹೋಗ್ಬಹುದು, ಹೊಸಬ್ರಿಗೆ ನಿಜ್ವಾಗ್ಲೂ ತಲೆ ಕೆಡುತ್ತೆ. 5ಕ್ಕೆ 4 ಸ್ಟಾರ್.