ಹೆಂಡಿಕಸಕ್ಕೆ ಹೈಡ್ರಾಲಿಕ್ ಸ್ಕ್ರೇಪರ್: ನೆಲ, ಕರೆಂಟು, ಎಣ್ಣೆ ನೋಡಿ ಆಮೇಲೆ ಕೊಳ್ಳಿ

ದನದ ಶೆಡ್ಡಿಗೆ ಹೈಡ್ರಾಲಿಕ್ ಸ್ಕ್ರೇಪರ್, ಅಂದರೆ ಎಣ್ಣೆಯ ಒತ್ತಡದಿಂದ ಓಡಿ ಸೆಗಣಿ ಬಳಿಯುವ ಯಂತ್ರ, ಹಾಕಿಸಬೇಕಾ ಬೇಡ್ವಾ ಅಂತ ಕೇಳುವವರಿಗೆ ನನ್ನ ಉತ್ತರ, ಹಾಕಿಸಿ. ಆದರೆ ಕಂಪನಿಯವರ ವಿಡಿಯೋ ನೋಡಿ ಅಡ್ವಾನ್ಸ್ ಕೊಡಬೇಡಿ. ಮೊದಲು ನಿಮ್ಮ ನೆಲ ನೋಡಿ, ನಿಮ್ಮ ಕರೆಂಟು ನೋಡಿ.

ನಮ್ಮದು ಗೋಕಾಕ ತಾಲೂಕು, ಘಟಪ್ರಭಾ ದಂಡೆಯ ಹಳ್ಳಿ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಕ್ರಾಸ್ ಹಸುಗಳಿವೆ, ಒಂದಿಷ್ಟು ಎಮ್ಮೆಗಳಿವೆ. ಕಟ್ಟದೆ ಬಿಟ್ಟು ಸಾಕುವ ಶೆಡ್ಡು, ಎರಡು ಉದ್ದನೆಯ ಓಣಿ. ಹೆಂಡಿಕಸ, ಅಂದರೆ ಸೆಗಣಿ ಬಳಿದು ಎತ್ತುವ ಕೆಲಸ, ಮೊದಲಿನಿಂದಲೂ ನನ್ನ ಮತ್ತು ನಮ್ಮ ಅತ್ತೆಯವರ ಪಾಲು. ದೊಡ್ಡ ಕ್ರಾಸ್ ಹಸು ದಿನಕ್ಕೆ 20ರಿಂದ 25 ಕೆಜಿ ಸೆಗಣಿ ಹಾಕುತ್ತದೆ, ಮೂತ್ರ ಬೇರೆ. ಅಷ್ಟನ್ನೂ ಸಲಿಕೆ, ಬುಟ್ಟಿ ಹಿಡಿದು ಎತ್ತಿದ ಹೆಂಗಸರ ಸೊಂಟ ಏನಾಗುತ್ತದೆ ಅಂತ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಈ ಯಂತ್ರದ ಬಗ್ಗೆ ಪೂರ್ತಿ ಬರೆಯುತ್ತಿದ್ದೇನೆ. ಕಂಪನಿ ಹೆಸರು ಬೇಡ. ಯಾರ ಸೆಟ್ ತಂದರೂ ಒಳಗಿನ ಕೆಲಸ ಹೆಚ್ಚುಕಮ್ಮಿ ಇದೇ.

ಹಗ್ಗ ಅಥವಾ ಚೈನಿನ ಸ್ಕ್ರೇಪರ್‌ಗೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಓಣಿಯ ನಡುವೆ ಒಂದು ಸಣ್ಣ ಕಾಲುವೆ, ಅದರೊಳಗೆ ಉದ್ದಕ್ಕೂ ಕಬ್ಬಿಣದ ಪಟ್ಟಿ. ಪಟ್ಟಿಗೆ ಅಲ್ಲಲ್ಲಿ ಕಚ್ಚು ಕೊರೆದಿರುತ್ತಾರೆ. ಒಂದು ತುದಿಯಲ್ಲಿ ಹೈಡ್ರಾಲಿಕ್ ಸಿಲಿಂಡರ್ ಆ ಪಟ್ಟಿಯನ್ನು ಹಿಂದೆ ಮುಂದೆ ಆಡಿಸುತ್ತದೆ. ಸ್ಕ್ರೇಪರ್‌ನ ಕೊಕ್ಕೆ ಕಚ್ಚಿಗೆ ಸಿಕ್ಕಿಕೊಂಡು, ಪಟ್ಟಿ ಮುಂದೆ ಬಂದಾಗ ಸ್ಕ್ರೇಪರ್ ಕೂಡ ಮುಂದೆ ಬರುತ್ತದೆ. ಪಟ್ಟಿ ಹಿಂದೆ ಹೋದಾಗ ಸ್ಕ್ರೇಪರ್ ನಿಂತಲ್ಲೇ ನಿಲ್ಲುತ್ತದೆ. ಹೀಗೆ ಹೆಜ್ಜೆ ಹೆಜ್ಜೆಯಾಗಿ ಗುಂಡಿ ತನಕ ಸೆಗಣಿ ತಳ್ಳುತ್ತದೆ. ಕೊನೆಯಲ್ಲಿ ಕೊಕ್ಕೆ ಮಗುಚಿ, ಸೆಗಣಿ ತಳ್ಳುವ ರೆಕ್ಕೆಗಳು ಮಡಚಿಕೊಂಡು ವಾಪಸ್ ಹೊರಡುತ್ತದೆ. ವೇಗ ತುಂಬಾ ಕಡಿಮೆ. ಹಸು ಕಾಲೆತ್ತಿ ದಾಟಲು ಬೇಕಾದಷ್ಟು ಸಮಯ ಸಿಗುತ್ತದೆ. ತುಂಡಾಗಲು ಹಗ್ಗವಿಲ್ಲ, ಸವೆಯಲು ಚೈನಿಲ್ಲ. ನನಗೆ ಇದರಲ್ಲಿ ಹಿಡಿಸಿದ್ದೇ ಅದು.

ಈಗ ನೆಲದ ಮಾತು. ನಮ್ಮ ಕಡೆ ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ನೇರ ಕಾಂಕ್ರೀಟ್ ಹಾಕಿದರೆ ನೆಲ ಏಳುತ್ತದೆ, ನಡುವಿನ ಕಾಲುವೆ ಸೊಟ್ಟಗಾಗುತ್ತದೆ, ಪಟ್ಟಿ ಗೋಡೆಗೆ ಉಜ್ಜುತ್ತದೆ. ಆಮೇಲೆ ನೀವು ಪಂಪು ಕೆಟ್ಟಿದೆ ಅಂತ ಹುಡುಕುತ್ತೀರಿ, ಕೆಟ್ಟಿರುವುದು ನೆಲ. ನಮ್ಮ ಗೌಂಡಿ ಎರೆ ಮಣ್ಣು ತೆಗೆಸಿ, ಗರಸು (ಮೊರಂ) ತುಂಬಿಸಿ, ನೀರು ಹೊಡೆದು ರೋಲರ್ ಓಡಿಸಿದ ಮೇಲೇ ಕಾಂಕ್ರೀಟ್ ಹಾಕಿದರು. ಗುಂಡಿ ಕಡೆಗೆ 100 ಅಡಿಗೆ 1 ಅಡಿ ಇಳಿಜಾರು ಇಟ್ಟರು. ಕಾಂಕ್ರೀಟ್ ಪೂರ್ತಿ ಬಲ ಹಿಡಿಯಲು 28 ದಿನ ಬೇಕು, ಕಂಪನಿಯವರು ಅವಸರ ಮಾಡಿದರೂ ನೀವು ಮಾಡಬೇಡಿ. ನೆಲ ಸಮವಾಗಿದೆಯಾ ನೋಡಲು ಸುಲಭದ ದಾರಿ ಇದೆ. ರಾತ್ರಿ ಓಣಿಗೆ ಅಡ್ಡಲಾಗಿ ನೇರ ಪೈಪು ಇಟ್ಟು ಹಿಂದಿನಿಂದ ಬ್ಯಾಟರಿ ಬಿಡಿ. ಬೆಳಕು ಎಲ್ಲಿ ತೂರಿ ಬರುತ್ತದೋ ಅಲ್ಲಿ ಸೆಗಣಿ ಉಳಿಯುತ್ತದೆ. ಹಾಗಂತ ನೆಲ ಕನ್ನಡಿಯಂತೆ ನುಣುಪಾದರೆ ದನ ಜಾರುತ್ತವೆ, ಗೀರು ಹಾಕಿಸಿ. ಈ ಕಾಂಕ್ರೀಟು, ಕೇಬಲ್ಲು, ಮೊದಲ ಎಣ್ಣೆ ಯಾವುದೂ ನಮಗೆ ಕೊಟ್ಟ ಕೊಟೇಶನ್‌ನಲ್ಲಿ ಇರಲಿಲ್ಲ. ಮುಂಚೆಯೇ ಕೇಳಿಕೊಳ್ಳಿ.

ಕರೆಂಟಿನ ಮಾತು ಇನ್ನೂ ಮುಖ್ಯ. ತೋಟದ ಲೈನಿಗೆ ಮೂರು ಫೇಸ್ ದಿನಕ್ಕೆ 7 ಗಂಟೆ, ಅದೂ ಪಾಳಿ ಪ್ರಕಾರ. ಈ ವಾರ ಹಗಲಾದರೆ ಮುಂದಿನ ವಾರ ರಾತ್ರಿ. ಸ್ಕ್ರೇಪರ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಎರಡು ಮೂರು ಗಂಟೆಗೊಮ್ಮೆ ಓಡಬೇಕು. ಸೆಗಣಿ ರಾಶಿಯಾಗಿ ಒಣಗಿದ ಮೇಲೆ ಓಡಿಸಿದರೆ ಯಂತ್ರಕ್ಕೂ ಭಾರ. ನಮ್ಮ ಮೈದುನ ಇದಕ್ಕೆ ದಾರಿ ಕಂಡುಕೊಂಡರು. ನಮ್ಮ ಮೋಟರ್ 2 ಎಚ್‌ಪಿ. ಅದರ ಕನೆಕ್ಷನ್ನನ್ನು ಸ್ಟಾರ್‌ನಿಂದ ಡೆಲ್ಟಾಗೆ (ಮೋಟರಿನ ತಂತಿ ಜೋಡಿಸುವ ಎರಡು ವಿಧ ಇವು) ಬದಲಿಸಿ, ಸಿಂಗಲ್ ಫೇಸ್ ತಗೊಂಡು ಮೂರು ಫೇಸ್ ಕೊಡುವ ವಿಎಫ್‌ಡಿ ಡ್ರೈವ್ ಹಾಕಿಸಿದರು. ಈಗ ಸಿಂಗಲ್ ಫೇಸ್ ಇದ್ದರೂ ಸಾಕು, ಓಡುತ್ತದೆ. ಇದನ್ನು ತಿಳಿದ ಎಲೆಕ್ಟ್ರಿಶಿಯನ್ನೇ ಮಾಡಬೇಕು, ಮೋಟರಿನ ಪ್ಲೇಟ್ ಮೇಲೆ 240 ವೋಲ್ಟ್ ಡೆಲ್ಟಾ ಅಂತ ಬರೆದಿರಬೇಕು. ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ಟೈಮರ್ ಕೊಳ್ಳುವಾಗ ಒಳಗೆ ಬ್ಯಾಟರಿ ಇರುವುದನ್ನೇ ಕೇಳಿ. ಇಲ್ಲದಿದ್ದರೆ ಕರೆಂಟು ಹೋದಾಗಲೆಲ್ಲಾ ಗಡಿಯಾರ ತಪ್ಪುತ್ತದೆ.

ಡ್ರೈವ್ ಹಾಕಿಸಿದ ಮೇಲೆ ಇನ್ನೊಂದು ತಲೆನೋವೂ ಹೋಯಿತು. ಅದಕ್ಕೂ ಮುಂಚೆ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ಬದಲಿಸಿದಾಗ, ಲೈನ್ ರಿಪೇರಿ ಆದಾಗ ಫೇಸ್ ಅದಲುಬದಲಾಗುತ್ತಿತ್ತು. ಮೋಟರ್ ಚೆನ್ನಾಗಿ ತಿರುಗುತ್ತದೆ, ಸದ್ದೂ ಬರುತ್ತದೆ, ಸ್ಕ್ರೇಪರ್ ಮಾತ್ರ ಅಲುಗಲ್ಲ. ಎಣ್ಣೆಯ ಒತ್ತಡ ತೋರಿಸುವ ಗೇಜಿನ ಮುಳ್ಳು ಸೊನ್ನೆಯಲ್ಲೇ. ಫೇಸ್ ಬದಲಾದರೆ ಮೋಟರ್ ಉಲ್ಟಾ, ಅದರ ಜೊತೆ ಎಣ್ಣೆಯ ಗೇರ್ ಪಂಪೂ ಉಲ್ಟಾ. ಉಲ್ಟಾ ತಿರುಗಿದರೆ ಅದು ಎಣ್ಣೆ ಎಳೆಯುವುದಿಲ್ಲ. ಹಾಗೇ ಬಿಟ್ಟರೆ ಒಣಗಿ ಓಡಿ ಪಂಪು ಹಾಳಾಗುತ್ತದೆ. ತಕ್ಷಣ ಆಫ್ ಮಾಡಿ, ಮೋಟರ್ ಮೇಲಿನ ಬಾಣದ ಗುರುತು ನೋಡಿ, ಯಾವುದಾದರೂ ಎರಡು ಫೇಸ್ ಅದಲಿಸಿದರೆ ಮುಗಿಯಿತು. ಇಷ್ಟಕ್ಕೇ ಹೊಸ ಪಂಪು ಕೊಂಡವರನ್ನು ನಾನು ಬಲ್ಲೆ. ಅವರಿಗೆ ಯಾರೂ ಹೇಳಿರಲಿಲ್ಲ.

ಪಟ್ಟಿ ಆಡುತ್ತಿದೆ, ಸ್ಕ್ರೇಪರ್ ನಿಂತಿದೆ ಅಂದರೆ ಹೈಡ್ರಾಲಿಕ್ ಕಡೆ ಕೈ ಹಾಕಲೇಬೇಡಿ. ಪಟ್ಟಿಯ ಕಚ್ಚಿನಲ್ಲಿ ಸೆಗಣಿ ಒಣಗಿ ತುಂಬಿದೆ, ಕೊಕ್ಕೆ ಕೂರುತ್ತಿಲ್ಲ. ಸ್ಕ್ರೂಡ್ರೈವರ್‌ನಿಂದ ಕೆತ್ತಿ ನೀರು ಹಾಕಿ. ಕಬ್ಬಿನ ಸೀಮೆಯವರಿಗೆ ಇದು ಜಾಸ್ತಿ. ವಾಡೆ (ಕಬ್ಬಿನ ತುದಿಯ ಹಸಿರು ಮೇವು) ಉದ್ದುದ್ದ ಹಾಕಿದರೆ ದನ ಅರ್ಧ ಎಳೆದು ಓಣಿಗೆ ಚೆಲ್ಲುತ್ತವೆ. ರವದಿ (ಕಬ್ಬಿನ ಒಣ ಎಲೆ) ಹಾಸಿದರೆ ಅದು ರೆಕ್ಕೆಯ ಪಿನ್ನಿಗೆ ಸುತ್ತಿಕೊಳ್ಳುತ್ತದೆ. ವಾಡೆ, ಕಣಿಕೆ (ಜೋಳದ ದಂಟು) ಎಲ್ಲಾ ಮಷಿನ್ನಿನಲ್ಲಿ ಕತ್ತರಿಸಿಯೇ ಹಾಕಿ.

ತುದಿಗೆ ಹೋಗಿ ನಿಂತುಬಿಟ್ಟು ವಾಪಸ್ ಬರದಿದ್ದರೆ ಸೆನ್ಸರ್ ನೋಡಿ. ಕಬ್ಬಿಣ ಹತ್ತಿರ ಬಂದಾಗ ಅದರ ಬೆನ್ನಿನ ಸಣ್ಣ ದೀಪ ಹತ್ತಬೇಕು. ಹತ್ತದಿದ್ದರೆ ಒರೆಸಿ, ನಟ್ ಸಡಿಲವಾಗಿ ದೂರ ಸರಿದಿದೆಯಾ ನೋಡಿ. ಕೆಲವೇ ಮಿಲಿಮೀಟರ್ ಅಂತರ ಇರಬೇಕು ಅಷ್ಟೆ. ದೀಪ ಹತ್ತಿದರೂ ದಿಕ್ಕು ಬದಲಾಗದಿದ್ದರೆ, ಕರೆಂಟಿನಿಂದ ಎಣ್ಣೆಯ ದಿಕ್ಕು ಬದಲಿಸುವ ಸೊಲೆನಾಯ್ಡ್ ವಾಲ್ವ್ ನೋಡಿ. ವಾಲ್ವಿನ ಎರಡೂ ತುದಿಯಲ್ಲಿ ಒತ್ತುವ ಸಣ್ಣ ಪಿನ್ನು ಇರುತ್ತದೆ. ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು ಒತ್ತಿ. ಒತ್ತಿದಾಗ ಓಡಿದರೆ ವಾಲ್ವ್ ಸರಿ ಇದೆ, ಅದರ ಕಾಯಿಲ್ (ತಂತಿ ಸುರುಳಿ) ಅಥವಾ ವೈರಿಂಗ್ ಹೋಗಿದೆ. ವೋಲ್ಟೇಜ್ ಏರಿಳಿದಾಗ ಮೊದಲು ಸುಡುವುದು ಈ ಕಾಯಿಲ್ಲೇ.

ಎಣ್ಣೆಯ ವಿಷಯದಲ್ಲಿ ಮಾತ್ರ ಉದಾಸೀನ ಬೇಡವೇ ಬೇಡ. ಸ್ಕ್ರೇಪರ್ ಜಗ್ಗಿ ಜಗ್ಗಿ ಓಡಿದರೆ, ಟ್ಯಾಂಕಿನಲ್ಲಿ ನೊರೆ ಕಂಡರೆ ಗಾಳಿ ಸೇರಿದೆ. ಎಣ್ಣೆ ಮಟ್ಟ ನೋಡಿ, ಪಂಪಿಗೆ ಎಣ್ಣೆ ಎಳೆಯುವ ಪೈಪಿನ ಕ್ಲಾಂಪ್ ಬಿಗಿ ಮಾಡಿ, ಸೆಗಣಿ ಇಲ್ಲದಾಗ ಸಿಲಿಂಡರ್ ಅನ್ನು ಪೂರ್ತಿ ಹಿಂದೆ ಮುಂದೆ ಓಡಿಸಿ. ಗಾಳಿ ಹೋಗುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆ, ಬದಲಿಸುವುದೇ ದಾರಿ. ಶೆಡ್ ತೊಳೆಯುವಾಗ ಪವರ್ ಪ್ಯಾಕ್ (ಮೋಟರ್, ಪಂಪು, ಎಣ್ಣೆ ಟ್ಯಾಂಕು ಇರುವ ಭಾಗ) ಮೇಲೆ ನೀರಿನ ಪೈಪು ಹಿಡಿಯುವವರಿಗೆ ಇದು ತಪ್ಪಿದ್ದಲ್ಲ. ಏಪ್ರಿಲ್, ಮೇ ಬಿಸಿಲಿಗೆ 46 ಗ್ರೇಡ್ ಎಣ್ಣೆ ತೆಳುವಾಗಿ ಯಂತ್ರ ನಿಧಾನವಾಗುತ್ತಿತ್ತು. ಪಂಪಿಗೆ ನಡೆಯುತ್ತದೆ ಅಂತ ಖಚಿತ ಮಾಡಿಕೊಂಡು ಅದಕ್ಕಿಂತ ದಪ್ಪನೆಯ 68 ಗ್ರೇಡ್ ಹಾಕಿಸಿದೆವು, ಪವರ್ ಪ್ಯಾಕಿಗೆ ನೆರಳು ಮಾಡಿಸಿದೆವು. ಹೊಸ ಸೆಟ್ಟಿನ ಮೊದಲ ಎಣ್ಣೆ ಮತ್ತು ಫಿಲ್ಟರ್ ಬೇಗ ಬದಲಿಸಿ. ಹೊಸ ಪೈಪು, ಸಿಲಿಂಡರ್‌ಗಳಿಂದ ಸಣ್ಣ ಲೋಹದ ಪುಡಿ ಬರುತ್ತದೆ.

ಎರಡು ವಿಷಯ ಜೀವಕ್ಕೆ ಸಂಬಂಧಿಸಿದ್ದು. ಹೋಸ್ ಪೈಪು ಸೋರುತ್ತಿದೆ ಅಂತ ಕೈಯಿಂದ ತಡವಿ ನೋಡಬೇಡಿ. ಸೂಜಿಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ, ಕೈಯನ್ನೇ ಕಳೆದುಕೊಳ್ಳಬೇಕಾಗಬಹುದು. ರಟ್ಟು ಹಿಡಿದು ನೋಡಿ. ಇನ್ನೊಂದು, ಸ್ಕ್ರೇಪರ್ ತಡೆದು ನಿಂತರೆ ರಿಲೀಫ್ ವಾಲ್ವ್ (ಎಣ್ಣೆಯ ಒತ್ತಡ ಮಿತಿ ಮೀರದಂತೆ ತಡೆಯುವ ವಾಲ್ವ್) ಬಿಗಿ ಮಾಡಿ ಒತ್ತಡ ಏರಿಸಬೇಡಿ. ಅಡ್ಡ ಬಿದ್ದಿರುವುದು ಕಲ್ಲೋ, ಈಗಷ್ಟೇ ಹುಟ್ಟಿದ ಕರುವೋ ಯಂತ್ರಕ್ಕೆ ಗೊತ್ತಾಗಲ್ಲ. ಆ ವಾಲ್ವ್ ಇರುವುದೇ ಅದಕ್ಕೆ. ಈಯುವ ದನಗಳನ್ನು ನಾವು ಬೇರೆ ಕೋಣೆಗೆ ಹಾಕುತ್ತೇವೆ.

ಯಂತ್ರಕ್ಕೆ 5ರಲ್ಲಿ 4 ಕೊಡುತ್ತೇನೆ, ಮಾರಿದವರ ಸರ್ವಿಸ್‌ಗೆ 2. ಪುಸ್ತಕದಲ್ಲಿ ಒಂದಕ್ಷರ ಕನ್ನಡ ಇರಲಿಲ್ಲ. ಫೋನ್ ಮಾಡಿದರೆ "ಮನೆಯಲ್ಲಿ ಗಂಡಸರಿದ್ದರೆ ಕೊಡಿ ಮೇಡಂ" ಅನ್ನುತ್ತಿದ್ದರು. ದಿನಾ ಆ ಯಂತ್ರದ ಹತ್ತಿರ ನಿಲ್ಲುವವಳು ನಾನು. ಗೇಜ್ ಎಷ್ಟು ತೋರಿಸುತ್ತಿದೆ ಅಂತ ನನ್ನನ್ನಲ್ಲದೆ ಯಾರನ್ನು ಕೇಳಬೇಕು? ಇದು ನನಗೆ ನಿಜಕ್ಕೂ ನೋವು ಮಾಡಿತು.

ನಮ್ಮ ಜಿಲ್ಲೆಯವರ ಭಾಗ್ಯ ಅಂದರೆ ಬೆಳಗಾವಿಯಲ್ಲೇ ಹೈಡ್ರಾಲಿಕ್ ಬಲ್ಲವರಿದ್ದಾರೆ. ಪಾಲಿಹೈಡ್ರಾನ್‌ನಂಥ ಹೈಡ್ರಾಲಿಕ್ ಕಂಪನಿ ಇರುವ ಊರು ಇದು. ಉದ್ಯಮಬಾಗ, ಮಚ್ಛೆ ಕಡೆ ಹೋದರೆ ಹೋಸ್ ಪೈಪಿಗೆ ತುದಿ ಕೂರಿಸಿ ಕ್ರಿಂಪ್ ಮಾಡಿಕೊಡುವವರು, ಸೀಲ್ ಮಾರುವವರು ಸಿಗುತ್ತಾರೆ. ಒಮ್ಮೆ ವಾಲ್ವ್ ಬಿಚ್ಚಿಕೊಂಡು ಹೋಗಿದ್ದೆವು. ಅಲ್ಲಿನ ಹಿರಿಯ ಮೇಸ್ತ್ರಿ ತಿರುಗಿಸಿ ನೋಡಿ, "ಅಕ್ಕಾರ, ವಾಲ್ವ್ ಕೆಟ್ಟಿಲ್ರಿ, ಎಣ್ಣಿ ಕೆಟ್ಟೇತಿ" ಅಂದರು. ತೊಳೆದು ಕೊಟ್ಟರು, ಹೊಸದು ಕೊಳ್ಳಲು ಬಿಡಲಿಲ್ಲ.

ಲಾಭದ ಮಾತು. ಮೂತ್ರದ ಯೂರಿಯಾ ಸೆಗಣಿಯ ಜೊತೆ ಸೇರಿದಾಗ ಅಮೋನಿಯಾ ಏಳುತ್ತದೆ. ಆಗಾಗ ಬಳಿದು ತೆಗೆದರೆ ಅದು ಕಡಿಮೆ. "ಶೆಡ್ಡಿನ್ಯಾಗ ನಿಂತ್ರ ಕಣ್ಣ ಉರಿಯೂದು ಬಿಟ್ಟೇತಿ ನೋಡವಾ" ಅಂತ ಅತ್ತೆಯವರೇ ಹೇಳಿದರು. ಗೊರಸು ಒಣಗಿರುತ್ತವೆ, ಕುಂಟುವ ದನ ಕಡಿಮೆಯಾಗಿವೆ. ಹಸಿ ಸೆಗಣಿ ನೇರ ಗೋಬರ್ ಗ್ಯಾಸ್ ಗುಂಡಿಗೆ ಹೋಗುತ್ತದೆ, ಸಮ ನೀರು ಬೆರೆಸಿದರೆ ಆಯಿತು. ಎಮ್ಮೆಗಳು ಬೇಗ ಒಗ್ಗಿಕೊಂಡವು, ಹಸುಗಳಿಗೆ ಸ್ವಲ್ಪ ಸಮಯ ಬೇಕಾಯಿತು.

ನಾಲ್ಕೈದು ದನ ಕಟ್ಟಿ ಸಾಕುವವರಿಗೆ ಇದು ಬೇಡ, ಆ ದುಡ್ಡಲ್ಲಿ ಒಳ್ಳೆಯ ರಬ್ಬರ್ ಮ್ಯಾಟ್, ಕೈಗಾಡಿ ತಗೊಳ್ಳಿ. ಓಣಿ ತಿರುವಿದ್ದರೂ ಬೇಡ. ಕೊಳ್ಳುವವರು ಪೂರ್ತಿ ದುಡ್ಡು ಕೊಡುವ ಮೊದಲು ವೈರಿಂಗ್ ನಕ್ಷೆ, ಸಿಲಿಂಡರ್ ಸೀಲಿನ ಅಳತೆ, ರಿಲೀಫ್ ವಾಲ್ವ್ ಎಷ್ಟಕ್ಕೆ ಇಟ್ಟಿದ್ದಾರೆ ಅನ್ನುವುದು, ಇಷ್ಟನ್ನೂ ಬರೆಸಿಕೊಳ್ಳಿ. ಒಂದು ಕಾಯಿಲ್, ಒಂದು ಸೆನ್ಸರ್, ಒಂದು ಸೀಲ್ ಕಿಟ್, ಒಂದು ಫಿಲ್ಟರ್ ಮನೆಯಲ್ಲೇ ಇರಲಿ. ಬಿಡಿಭಾಗ ಬರುವ ತನಕ ಹೆಂಡಿಕಸ ಮತ್ತೆ ಮನೆಯ ಹೆಂಗಸರ ಮೇಲೇ ಬೀಳುತ್ತದೆ.