ತಲೆ ಎಣಿಸಿ ಮೇಲ್ ಸರ್ವರ್ ಕೊಳ್ಳಬೇಡಿ

2005ರ ಮಾರ್ಚ್ ಕೊನೆಯ ವಾರ, ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯ ನಡುವೆ, ನಮ್ಮ ಕಚೇರಿಯ ಅರವತ್ತು ಮಂದಿಯ ಔಟ್‌ಲುಕ್ ಒಟ್ಟಿಗೇ ನಿಂತುಹೋಯಿತು. ಸರ್ವರ್‌ನ ಡಿಸ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿಯಿತ್ತು. ಆದರೂ ಮೇಲ್‌ಬಾಕ್ಸ್ ಸ್ಟೋರ್ (ಎಲ್ಲರ ಮೇಲ್ ಒಟ್ಟಿಗೆ ಇರುವ ಡೇಟಾಬೇಸ್) ಡಿಸ್‌ಮೌಂಟ್ ಆಗಿತ್ತು, ಅಂದರೆ ಬಳಕೆಯಿಂದ ಇಳಿದಿತ್ತು. ನಾವು ಕೊಂಡಿದ್ದ, ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ತಂತ್ರಾಂಶವಾದ ಎಕ್ಸ್‌ಚೇಂಜ್ 2003ರ ಸ್ಟ್ಯಾಂಡರ್ಡ್ ಎಡಿಷನ್ನಿನಲ್ಲಿ ಮೇಲ್‌ಬಾಕ್ಸ್ ಸ್ಟೋರ್ ಇರುವುದು ಒಂದೇ, ಅದರ ಮಿತಿ 16 ಜಿಬಿ ಎಂಬುದು ನನಗೆ ತಿಳಿದದ್ದೇ ಅಂದು.

ಸರ್ವರ್ ಒದಗಿಸಿದ ಮಾರಾಟಗಾರರು ತಲೆಗೆ 100 ಎಂಬಿಯಂತೆ ಅರವತ್ತು ಜನಕ್ಕೆ 6 ಜಿಬಿ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ನಾನು ಅದಕ್ಕೆ ಸಹಿ ಹಾಕಿದ್ದೆ. ಆ ಹಾಳೆಯಲ್ಲಿ ಇಲ್ಲದ್ದೇ ಹೆಚ್ಚು. ಯಾರ ಮೇಲ್‌ಬಾಕ್ಸಿಗೂ ಗಾತ್ರದ ಮಿತಿ (ಕೋಟಾ) ಹಾಕಿರಲಿಲ್ಲ. ಹೊರಗಿನಿಂದ ಬರುವ ನಕ್ಷೆಗಳು ಬೇಸ್64 ರೂಪದಲ್ಲಿ (ಫೈಲನ್ನು ಅಕ್ಷರಗಳಾಗಿ ಬದಲಿಸಿ ಮೇಲ್‌ನಲ್ಲಿ ಕಳಿಸುವ ವಿಧಾನ) ಮೂಲಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ದಪ್ಪವಾಗಿ ಬರುತ್ತವೆ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಳಿಸಿದ ಮೇಲ್ ಕೂಡ ಉಳಿಸಿಕೊಳ್ಳುವ ಅವಧಿ ಮುಗಿಯುವವರೆಗೆ ಡೇಟಾಬೇಸಿನಲ್ಲೇ ಇರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಅತ್ಯಂತ ಕಷ್ಟವಾದದ್ದು ಆಮೇಲಿನದು. ಮೇಲ್ ಅಳಿಸಿದರೆ ಫೈಲಿನೊಳಗೆ ಖಾಲಿ ಜಾಗ ಉಂಟಾಗುತ್ತದೆಯೇ ಹೊರತು ಫೈಲ್ ಕುಗ್ಗುವುದಿಲ್ಲ. ವಿಂಡೋಸ್‌ನ ಸೆಟ್ಟಿಂಗ್‌ಗಳ ಕೋಶವಾದ ರಿಜಿಸ್ಟ್ರಿಯಲ್ಲಿ ಒಂದು ಕೀಲಿ ಸೇರಿಸಿದರೆ ಮಿತಿ ತಾತ್ಕಾಲಿಕವಾಗಿ 17 ಜಿಬಿಗೆ ಏರುತ್ತದೆ. ಹಾಗೆ ಸ್ಟೋರ್ ಎಬ್ಬಿಸಿ, ಒಬ್ಬೊಬ್ಬರ ಮೇಜಿನ ಬಳಿಗೂ ಹೋಗಿ ಹಳೆಯ ಮೇಲ್‌ಗಳನ್ನು ಪಿಎಸ್‌ಟಿ ಫೈಲಿಗೆ (ಸರ್ವರ್‌ನ ಹೊರಗೆ ಮೇಲ್ ಉಳಿಸುವ ಔಟ್‌ಲುಕ್ ಫೈಲ್) ಸಾಗಿಸಿದೆವು. ಆ ಬಳಿಕ ಸ್ಟೋರನ್ನು ಮತ್ತೆ ಇಳಿಸಿ, ಎಕ್ಸ್‌ಚೇಂಜಿನ ಡೇಟಾಬೇಸ್ ಸಾಧನವಾದ ಎಸ್ಯುಟಿಲ್‌ನಿಂದ ಡಿಫ್ರಾಗ್ ಮಾಡಿ, ಅಂದರೆ ಒಳಗಿನ ಖಾಲಿ ಜಾಗ ತೆಗೆದು, ಫೈಲನ್ನು ಕುಗ್ಗಿಸಿದೆವು. ಅದಕ್ಕೆ ಡೇಟಾಬೇಸಿನ ಗಾತ್ರದ ಶೇ. 110ರಷ್ಟು ಖಾಲಿ ಜಾಗ ಬೇಕು. ರಾತ್ರಿಯಿಡೀ ಆ ಪರದೆಯ ಮೇಲೆ ಚುಕ್ಕಿ ಒಂದೊಂದಾಗಿ ಮೂಡುವುದನ್ನು ನೋಡುತ್ತ ಕುಳಿತದ್ದು ನನಗಿನ್ನೂ ನೆನಪಿದೆ. ಅದೇ ವರ್ಷ ಅಕ್ಟೋಬರಿನಲ್ಲಿ ಎಕ್ಸ್‌ಚೇಂಜ್ 2003ಕ್ಕೆ ಬಂದ ಪರಿಷ್ಕರಣೆ, ಸರ್ವಿಸ್ ಪ್ಯಾಕ್ 2, ಈ ಮಿತಿಯನ್ನು 75 ಜಿಬಿವರೆಗೆ ಏರಿಸಲು ಬಿಟ್ಟಿತು, ಆದರೆ ಕೈಯಾರೆ ಬದಲಿಸದಿದ್ದರೆ ಅದು 18ಕ್ಕೇ ನಿಲ್ಲುತ್ತಿತ್ತು.

ಇದು ಹಳೆಯ ಕತೆಯೆಂದು ಬಿಡುವಂತಿಲ್ಲ. ಎಕ್ಸ್‌ಚೇಂಜ್ 2016 ಮತ್ತು 2019ರ ಸ್ಟ್ಯಾಂಡರ್ಡ್‌ನಲ್ಲಿ ಒಂದು ಸರ್ವರ್‌ಗೆ ಐದೇ ಡೇಟಾಬೇಸುಗಳು, ದೊಡ್ಡ ಎಡಿಷನ್ನಾದ ಎಂಟರ್‌ಪ್ರೈಸ್‌ನಲ್ಲಿ ನೂರು. ಎರಡು ಸರ್ವರ್ ಜೋಡಿಸಿ ಪ್ರತಿ ಇಟ್ಟುಕೊಳ್ಳುವವರು ವಿಶೇಷವಾಗಿ ಗಮನಿಸಬೇಕು: ಇನ್ನೊಂದು ಸರ್ವರ್‌ನ ಡೇಟಾಬೇಸಿನ ನಿಷ್ಕ್ರಿಯ ಪ್ರತಿಯೂ ಆ ಐದರಲ್ಲೇ ಸೇರುತ್ತದೆ. ಮತ್ತೊಂದು ಮಾತು. ಎಂಟರ್‌ಪ್ರೈಸ್ ಕ್ಯಾಲ್ ಬೇರೆ, ಎಂಟರ್‌ಪ್ರೈಸ್ ಎಡಿಷನ್ ಬೇರೆ. ಕ್ಯಾಲ್ ಎನ್ನುವುದು ಬಳಕೆದಾರರ ಪರವಾನಗಿ. ಅದನ್ನು ಎಷ್ಟು ಕೊಂಡರೂ ಸರ್ವರ್‌ನ ಡೇಟಾಬೇಸ್ ಸಂಖ್ಯೆ ಒಂದೂ ಹೆಚ್ಚುವುದಿಲ್ಲ.

ಆದ್ದರಿಂದ ದರಪಟ್ಟಿ ಕೇಳುವ ಮೊದಲು ಈಗಿರುವ ಮೇಲ್‌ಬಾಕ್ಸುಗಳ ನಿಜವಾದ ಗಾತ್ರ ತೆಗೆಯಿರಿ, ಕಳೆದ ಹನ್ನೆರಡು ತಿಂಗಳಲ್ಲಿ ಅದು ಎಷ್ಟು ಬೆಳೆಯಿತೆಂದು ನೋಡಿ, ಒಂದು ಡೇಟಾಬೇಸ್ ಕೆಟ್ಟರೆ ಬ್ಯಾಕಪ್‌ನಿಂದ ಮರಳಿ ತರಲು ಎಷ್ಟು ಗಂಟೆ ಸಹಿಸಬಲ್ಲಿರಿ ಎಂಬುದರ ಮೇಲೆ ಪ್ರತಿ ಡೇಟಾಬೇಸಿನ ಗಾತ್ರ ನಿಗದಿಪಡಿಸಿ. ಅನುಮಾನವಿದ್ದರೆ ಸ್ಟ್ಯಾಂಡರ್ಡ್‌ನಿಂದಲೇ ಆರಂಭಿಸಿ. ಮುಂದೆ ಎಂಟರ್‌ಪ್ರೈಸ್‌ಗೆ ಹೋಗಲು ಹೊಸ ಪ್ರಾಡಕ್ಟ್ ಕೀ ಸಾಕು, ಹಿಂದಿರುಗಬೇಕಾದರೆ ಮಾತ್ರ ಸರ್ವರನ್ನೇ ಹೊಸದಾಗಿ ಕಟ್ಟಬೇಕಾಗುತ್ತದೆ.